ಮಾವನ ಕ್ಲೋರೋಪ್ಲಾಸ್ಟ್

ನಮ್ಮ ಸೋದರಮಾವನಿಗೆ ಹೆಂಡತಿ, ಮಕ್ಕಳು, ಸ್ವಂತ ಮನೆ ಎಲ್ಲವೂ ಇವೆ. ಹೊತ್ತುಗೊತ್ತಿನ ಪರಿವೆ ಒಂದು ಇಲ್ಲ. ಉಡಿಗಾಲ ಅನ್ನುವ ಊರಿನಲ್ಲಿ ಮನೆ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕ್ಲೋರೋಪ್ಲಾಸ್ಟ್ ಅನ್ನುವ ಪದವನ್ನು ದಿನಕ್ಕೆ ನೂರು ಸಲ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಎಲೆಯ ಜೀವಕೋಶದೊಳಗಿರುವ ಹಸಿರು ಕಣವಂತೆ, ಬಿಸಿಲು ಹಿಡಿದು ಗಿಡಕ್ಕೆ ಅಡುಗೆ ಮಾಡುತ್ತದಂತೆ. ಮಾಡಲಿ, ಯಾರು ಬೇಡ ಅಂದರು? ಅದನ್ನು ಸಂತೆಮರಹಳ್ಳಿ ಬಸ್ಸಿನಲ್ಲಿ ಸೊಪ್ಪಿನ ಬುಟ್ಟಿಯ ಹೆಂಗಸಿಗೆ ಹೇಳಬೇಕೆ? ಆಕೆ ಪೂರ್ತಿ ಕೇಳಿಸಿಕೊಂಡು, "ಸಾ, ಕಟ್ಟು ತಕ್ಕತೀರೋ ಇಲ್ವೋ?" ಅಂದಳು. ಅಷ್ಟರಲ್ಲಿ ಮಾವ ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ನನಗೆ ಹೆಣ್ಣು ನೋಡಲು ಗುಂಡ್ಲುಪೇಟೆಗೆ ಹೋಗಬೇಕಿತ್ತು. ಅಪ್ಪ ಇಲ್ಲದ ನನಗೆ ಮುಂದೆ ನಿಲ್ಲುವ ಹಿರಿಯರು ಇವರೊಬ್ಬರೇ. ಕರೆದುಕೊಂಡು ಹೋದೆ, ಬುದ್ಧಿ ಇಲ್ಲದೆ. ತಟ್ಟೆ ಇಡ್ಲಿ ಬಂತು. ಹುಡುಗಿಯ ಅಪ್ಪ, "ಹುಡುಗುನ್ ಕೆಲ್ಸ ಕಾಯಮ್ಮಾ?" ಅಂತ ಕೇಳಿದರು. ಮಾವ ಉತ್ತರ ಕೊಡುವ ಬದಲು ಮೂರು ಇಡ್ಲಿಗಳನ್ನು ಒಂದರ ಮೇಲೊಂದು ಪೇರಿಸಿದರು.

"ನೋಡಿ ಸಾಮಿ, ಕ್ಲೋರೋಪ್ಲಾಸ್ಟ್ ಒಳಗ ಹಿಂಗೇ ಬಿಲ್ಲೆಬಿಲ್ಲೆ ಜೋಡ್ಸದ. ಬಿಸ್ಲು ಹಿಡಿಯೋದು ಇಲ್ಲಿ." ಆಮೇಲೆ ಸುತ್ತಲೂ ಸಾಂಬಾರು ಸುರಿದರು. "ಸಕ್ಕರ ಆಯ್ತದ ಈ ರಸದಲ್ಲಿ."

"ಸಾಂಬಾರಲ್ಲಿ ಸಕ್ಕರಯಾ?" ಅಂದರು ಹುಡುಗಿಯ ಅಜ್ಜಿ, ಗಾಬರಿಯಿಂದ.

ಬಾಗಿಲ ಹಿಂದೆ ಹುಡುಗಿ ನಕ್ಕಳು. ಆ ನಗು ಕೇಳಿಯೇ ನನಗೆ ಅವಳು ಇಷ್ಟವಾಗಿಬಿಟ್ಟಳು. ವಾರದೊಳಗೆ ಅವರ ಮನೆಯಿಂದ ಮಾತು ಬಂತು: ಹುಡುಗ ಪರವಾಗಿಲ್ಲ, ಆದರೆ ಮಾವನ ಆ ಕಾಯಿಲೆ ವಂಶದಲ್ಲಿ ಇನ್ನೂ ಎಷ್ಟು ಜನಕ್ಕಿದೆ?

ಸಂಬಂಧ ಅಲ್ಲಿಗೇ ಮುರಿಯಿತು. ನಾನು ಮಾವನ ಜೊತೆ ಮಾತು ಬಿಟ್ಟೆ. ಬಿಟ್ಟದ್ದು ಅವರಿಗೆ ಗೊತ್ತಾಗಲೇ ಇಲ್ಲ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ, ಶಾಲೆಯ ಮೈಕ್ರೋಸ್ಕೋಪನ್ನು ಟವೆಲಿನಲ್ಲಿ ಸುತ್ತಿಕೊಂಡು ಚಾಮರಾಜನಗರದ ನಮ್ಮ ಮನೆಗೆ ಬಂದರು. ನಾನು ಮುಖ ತಿರುಗಿಸಿದೆ. ಅವರು ನೇರ ಹಿತ್ತಿಲಿಗೆ ಹೋಗಿ, ಜೊತೆಗೆ ತಂದಿದ್ದ, ಕೆರೆಯೊಳಗೆ ಬೆಳೆಯುವ ಗಿಡದ ತೆಳ್ಳನೆಯ ಎಲೆಯೊಂದನ್ನು ಗಾಜಿನ ಮೇಲಿಟ್ಟು, ನನ್ನ ಅಮ್ಮನನ್ನು ಕರೆದು ಕೂರಿಸಿದರು. ಅಮ್ಮ ಓದಿದವಳಲ್ಲ. ತಮ್ಮನಾದ ಈ ಮಾವ ಸ್ಕೂಲಿಗೆ ಹೋಗಲೆಂದು ಹತ್ತನೇ ವಯಸ್ಸಿಗೇ ಕಂಡವರ ಅರಿಶಿನದ ಹೊಲದಲ್ಲಿ ಕಳೆ ಕೀಳಲು ಹೋದವಳು.

"ಒಂದ್ ಕಣ್ ಮುಚ್ಕೊ ಅಕ್ಕ," ಅಂದರು ಮಾವ.

ಅಮ್ಮ ಬಹಳ ಹೊತ್ತು ನೋಡಿದಳು. "ಗೂಡುಗೂಡು ಕಟ್ದಂಗದ ಕಣ್ಲಾ. ಒಳಗ ಹಸ್ರುಕಾಳಿನಂಗವು... ಅಯ್ಯ, ಓಡಾಡ್ತಾವ. ಯಾರ್ಲಾ ಇವು, ಇಷ್ಟೊಂದು ಗೇಯ್ತಿರವು?"

ಮಾವ ಟವೆಲನ್ನು ಮಡಿಸಿ ಅವಳ ಮೊಣಕೈ ಕೆಳಗಿಟ್ಟರು.

"ನಿನ್ನಂಗೇ ಕಣಕ್ಕ," ಅಂದರು. "ಬಿಸ್ಲಲ್ಲಿ ಗೇದು ಬ್ಯಾರೇರ್ಗ ಉಣ್ಣಕ್ ಇಕ್ತವ."

ಅಮ್ಮ ಕಣ್ಣು ತೆಗೆಯಲಿಲ್ಲ. ಮೋಡ ಅಡ್ಡ ಬಂದಾಗಲೆಲ್ಲ ಮಾವ ಕುಕ್ಕರುಗಾಲಲ್ಲಿ ಕೂತು, ಕೆಳಗಿನ ಪುಟ್ಟ ಕನ್ನಡಿಯನ್ನು ತಿರುಗಿಸಿ ಅವಳಿಗೆ ಬೆಳಕು ಹಿಡಿದುಕೊಡುತ್ತಿದ್ದರು.

ನಾನು ಹಿತ್ತಿಲ ಬಾಗಿಲಲ್ಲಿ ನಿಂತು, "ಮಾವ, ಕಾಫಿ ಕುಡಿತೀಯಾ?" ಅಂದೆ.