ವಾಸನಿ ಐತೇನಪಾ?

ಅಮರೇಶನ ಮೂಗು ಕಟ್ಟಿ ಅಂದಿಗೆ ನಾಲ್ಕನೆಯ ದಿನ. ಹೂವೂ ಅಂದೇ ಅರಳಬೇಕೆ!

ದಾಂಡೇಲಿಯ ಗೆಳೆಯ ಅಸ್ಫಾಕ ಕೊಟ್ಟ ಕಾಡು ಸುವರ್ಣಗಡ್ಡೆ ಮೂರು ವರ್ಷ ಕುಂಡದಲ್ಲಿ ಬರೀ ಎಲೆ ಬಿಟ್ಟು, ಬೇಸಿಗೆ ಬಂದರೆ ಮಣ್ಣೊಳಗೆ ಮಲಗಿಬಿಡುತ್ತಿತ್ತು. ಈ ಸಲ ಮೊದಲ ಮಳೆಗೇ ಮೊಗ್ಗೆದ್ದು, ಬದನೆಕಾಯಿ ಬಣ್ಣದ ದೊಡ್ಡ ಹೂವಾಗಿತ್ತು. ಗೋಕುಲ ರಸ್ತೆಯ ಅವನ ಕಾಲನಿಯಲ್ಲಿ ಅಂದು ಕುಂಡದ ಗಿಡಗಳ ಸ್ಪರ್ಧೆ. ಸಂಜೆ ಐದಕ್ಕೆ ನಿರ್ಣಾಯಕಿ ಗೋದಾಬಾಯಿಯವರು ಬರುವವರಿದ್ದರು. ಎರಡು ವರ್ಷ ಸಮಾಧಾನಕರ ಬಹುಮಾನವೂ ಸಿಗದ ಅಮರೇಶನಿಗೆ ಈ ಸಲ ಮೊದಲನೆಯದೇ ಬೇಕಿತ್ತು.

ಹೆಂಡತಿ ತವರಿಗೆ ಹೋಗಿದ್ದಳು. ಹೂವರಳಿದ ಸುದ್ದಿ ಹೇಳಲು ಅಮರೇಶ ಅಸ್ಫಾಕನಿಗೆ ಫೋನ್ ಮಾಡಿದ.

"ವಾಸನಿ ಐತೇನಪಾ? ಅದರ ಹೆಚ್ಚುಗಾರಿಕೀನ ವಾಸನಿ. ತಿಳದವರು ಮೊದಲ ಅದನ್ನ ನೋಡ್ತಾರ."

"ಇರಬೇಕು," ಎಂದ ಅಮರೇಶ. ಹೂವಿಗೆ ನೊಣ ಮುತ್ತಿದ್ದವು. ನೊಣಗಳಿಗೇ ಇಷ್ಟು ಹಿಡಿಸಿದ ಪರಿಮಳ ಸಾಮಾನ್ಯದ್ದಲ್ಲ ಎಂದು ಹಿಗ್ಗಿದ.

ಅಷ್ಟರಲ್ಲಿ ಪಕ್ಕದ ಮನೆಯ ಗುರುಶಿದ್ದಪ್ಪ ಮೂಗಿಗೆ ಟವೆಲ್ ಒತ್ತಿಕೊಂಡು ಬಂದರು. "ತಮ್ಮಾ, ನಿಮ್ಮ ಮನ್ಯಾಗ ಇಲಿ ಸತ್ತೈತಿ."

"ನನಗೇನೂ ನಾತ ಬರವಲ್ದರಿ."

"ಇಲಿ ಜೋಡಿ ನಿನ್ನ ಮೂಗೂ ಸತ್ತೈತಿ."

ಎದುರುಮನೆಯ ಬಾಳವ್ವ ಫಿನಾಯಿಲ್ ಡಬ್ಬಿ ಹಿಡಿದೇ ಬಂದಳು. ಮಂಚ, ಕಪಾಟು ಎಲ್ಲ ಅಂಗಳಕ್ಕೆ ಬಂದವು. ಹೂವಿಗೆ ಫಿನಾಯಿಲ್ ಸಿಡಿದೀತೆಂದು ಅಮರೇಶ ಕುಂಡವನ್ನು ಕೂಸಿನಂತೆ ಎತ್ತಿ ಗುರುಶಿದ್ದಪ್ಪನವರ ಕಟ್ಟೆಯ ಮೇಲಿಟ್ಟು, ಕಾವಲು ಕೂತ. ಹತ್ತು ನಿಮಿಷಕ್ಕೆ ಆ ಮನೆಯಲ್ಲೂ ಇಲಿ ಸತ್ತಿತು. ಅಲ್ಲೂ ಕಪಾಟು ಸರಿಸತೊಡಗಿದರು. ಕುಂಡ ಹೊತ್ತು ಬಾಳವ್ವನ ಪಡಸಾಲೆಗೆ ಹೋದ. ಅಲ್ಲೂ ಇಲಿ.

ಬಾಳವ್ವ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ತಪ್ಪು ತಿಳ್ಕೋಬ್ಯಾಡ ನನ್ನಪ್ಪಾ. ನೀ ಹ್ವಾದಲ್ಲೆಲ್ಲಾ ನಾತ ಬರಾಕತ್ತೈತಿ. ಜಳಕಾ ಯಾವಾಗ ಮಾಡಿದ್ದಿ?"

ಅಮರೇಶ ತೋಳು ಮೂಸಿಕೊಂಡ. ಏನೂ ತಿಳಿಯಲಿಲ್ಲ. ತನ್ನ ಮೇಲೆ ತನಗೇ ಸಂಶಯ ಬಂದು, ಕುಂಡವನ್ನು ಮನೆಯ ಹಿತ್ತಲಿಗೆ ತಂದಿಟ್ಟು ಮೂರು ಸಲ ಜಳಕ ಮಾಡಿದ. ಸಾಲದೆಂದು ಮೂಲೆಯಂಗಡಿಯ ಜುಲ್ಫಿಕಾರನಿಂದ ಗುಲಾಬಿ ಅತ್ತರು ತಂದು ಮೈಗೆಲ್ಲ ಸುರಿದುಕೊಂಡ. ಅರ್ಧ ಶೀಶೆ ಉಳಿಯಿತು. ಅಸ್ಫಾಕನ ಮಾತು ನೆನಪಾಯಿತು. ಈ ಫಿನಾಯಿಲ್ ಗದ್ದಲದಲ್ಲಿ ಹೂವಿನ ವಾಸನೆ ಹೋಗಿದ್ದರೆ ಏನು ಗತಿ? ಉಳಿದದ್ದನ್ನು ಹೂವಿನೊಳಗೆ ಸುರಿದ.

ಐದಕ್ಕೆ ಗೋದಾಬಾಯಿಯವರು ಒಬ್ಬರೇ ಹಿತ್ತಲಿಗೆ ಬಂದರು. ಹೂವು ಕಂಡು ಅವರ ಮುಖ ಅರಳಿತು. ಬಾಗಿ ಮೂಸಿದರು. ಮುಖ ಮುದುಡಿತು.

"ಖರೇ ಹೂವಾದ್ರ ಇದು ಸತ್ತ ಇಲಿ ನಾರಿಧಾಂಗ ನಾರಬೇಕ್ರಿ. ಅದ ಇದರ ಹೆಚ್ಚಳ. ಇದು ಅತ್ತರ ವಾಸನಿ ಬರ್ಲಿಕ್ಕತ್ತದ. ಬಣ್ಣಾನೂ ನೀವ ಹಚ್ಚೀರೋ ಏನೋ, ನಾ ಹ್ಯಾಂಗ ನಂಬಲಿ?"

ಅಮರೇಶ ಬಾಯಿ ತೆರೆಯುವಷ್ಟರಲ್ಲಿ ಅವರು ಹೊರಟೇಹೋದರು. ಮೊದಲ ಬಹುಮಾನ ಗುರುಶಿದ್ದಪ್ಪನವರ ಕೊತ್ತಂಬರಿ ಕುಂಡಕ್ಕೆ ಬಂತು.

ಕತ್ತಲಾಗುವ ಮೊದಲು ಗುರುಶಿದ್ದಪ್ಪ ಪೇಢೆ ಹಿಡಿದು ಬಂದರು. ಈ ಸಲ ಮೂಗಿಗೆ ಟವೆಲ್ ಇರಲಿಲ್ಲ. ಹೂವಿನ ಮುಂದೆ ನಿಂತು ಕಣ್ಣು ಮುಚ್ಚಿ ಉಸಿರೆಳೆದರು. "ಇಲಿ ಕಾಟ ತಪ್ಪಿತು ನೋಡು. ಎಂಥಾ ಛಲೋ ವಾಸನಿ ಐತೋ ತಮ್ಮಾ ಈ ಹೂವಿಗೆ. ನಮಗೂ ಒಂದ ಗಡ್ಡಿ ಕೊಡು. ದೇವರ ಮನೀ ಕಿಟಕ್ಯಾಗ ಇಡ್ತೇನಿ."

ಆಗಷ್ಟೇ ಅಮರೇಶನ ಮೂಗು ಬಿಟ್ಟಿತು. ಅತ್ತರಿನ ಅಡಿಯಿಂದ ಏನೋ ಮೆಲ್ಲಗೆ ಮೇಲೇಳುತ್ತಿತ್ತು.

"ಒಂದ್ಯಾಕ್ರಿ ಕಾಕಾ," ಎಂದ, "ಎರಡ ಕೊಡ್ತೇನಿ."