ರಾಜಗಿಳಿಗೆ ಸಲುಗೆ ಕೊಟ್ಟವರು

ದವಾಖಾನೆಗೆ ಬಂದ ಕಾಡುಹಕ್ಕಿಗೆ ಯಾರೂ ಸಲುಗೆ ಕೊಡಬಾರದು. ಗೋಕಾಕ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, ಅಲ್ಲಿಯ ದನದ ಡಾಕ್ಟರನಾಗಿ ಈ ನಿಯಮವನ್ನು ನಾನೇ ಬರೆದು ಗೋಡೆಗೆ ಅಂಟಿಸಿದ್ದೆ. ಗೋಡೆಗೆ ಅಂಟಿಸಿದ ನಿಯಮಗಳಿಗೆ ಯಾವಾಗಲೂ ಏನಾಗುತ್ತದೋ ಅದೇ ಆಯಿತು.

ರೆಕ್ಕೆ ಮುರಿದ ಒಂದು ರಾಜಗಿಳಿ ನಮ್ಮಲ್ಲಿತ್ತು. ಮೊಳಕ್ಕೂ ಮಿಕ್ಕಿದ ಉದ್ದ, ಭುಜದ ಮೇಲೆ ಕೆಂಪು ಮಚ್ಚೆ. ಮನುಷ್ಯರ ರೂಢಿ ಹತ್ತಿದರೆ ಅದು ಹಿಂಡಿಗೆ ಮರಳುವುದಿಲ್ಲ. ಉಳಿದ ಆಯುಷ್ಯವೆಲ್ಲ ಪಂಜರವೇ.

೧. ಮೆಣಸಿನಕಾಯಿ

ನಮ್ಮ ಕಂಪೌಂಡರ್ ನನ್ನ ಕಣ್ಣು ತಪ್ಪಿಸಿ ಅದಕ್ಕೆ ಹಸಿಮೆಣಸಿನಕಾಯಿ ತಿನ್ನಿಸುತ್ತಿದ್ದ. ಎತ್ತು ಹೊಡೆದುಕೊಂಡು ಬಂದಿದ್ದ ತುಕ್ಕಾನಟ್ಟಿಯ ರೈತನೊಬ್ಬ ಅದನ್ನು ನೋಡಿದ.

"ಹಕ್ಕಿ ತಿಂತೈತಿ, ನನಗೇನ್ ಧಾಡಿ?" ಎಂದು ಎದುರು ಕುಳಿತು ತಾನೂ ಶುರುಮಾಡಿದ. ಐದನೆಯದಕ್ಕೆ ಎತ್ತಿನ ನೀರಿನ ಬಾನಿಗೆ ಬಾಯಿ ಹಾಕಿದ. ಹಕ್ಕಿಯ ನಾಲಿಗೆಗೆ ಖಾರ ಹತ್ತುವುದಿಲ್ಲವೆಂದು ವಿವರಿಸಿದೆ.

"ಮೊದಲ ಹೇಳಾಕ ಏನಾಗಿತ್ರಿ, ಸಾಹೇಬ್ರ?"

ಅಂದಿನ ರೋಗಿಗಳ ಪಟ್ಟಿಯಲ್ಲಿ ಕಂಪೌಂಡರ್ ಎತ್ತಿನ ಕೆಳಗೆ ಅವನನ್ನೂ ಬರೆದುಕೊಂಡ.

೨. ಸಾಗವಾನಿ

ಮೂಡಲಗಿಯ ಬಡಿಗನೊಬ್ಬ ಪ್ರೀತಿಯಿಂದ ಅದಕ್ಕೊಂದು ತೇಗದ ಪಂಜರ ಮಾಡಿ ತಂದ. "ಅಸಲ್ ಸಾಗವಾನಿ ಐತ್ರಿ. ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಾಂಗಿಲ್ಲ."

ಇಂಥ ಗಿಳಿಗಳ ಕೊಕ್ಕು ಬೆಳೆಯುತ್ತಲೇ ಇರುತ್ತದೆ. ಏನಾದರೂ ಕಡಿಯುತ್ತಲೇ ಇರಬೇಕು. ಮಧ್ಯಾಹ್ನದೊಳಗೆ ನಮ್ಮ ಗಿಳಿ ನಾಲ್ಕು ಸರಳು ಕತ್ತರಿಸಿ ಪಂಜರದ ನೆತ್ತಿಯ ಮೇಲೆ ಕುಳಿತಿತ್ತು. ಬಡಿಗ ಒಂದು ಚಕ್ಕೆ ಎತ್ತಿ, ತಿರುವಿ ತಿರುವಿ ನೋಡಿದ.

"ಸಾಹೇಬ್ರ, ನಮ್ಮಲ್ಲಿ ಒಂದು ಆಳು ಕಡಿಮಿ ಐತಿ. ಇವನ್ನ ಕಳಸ್ತೀರೇನ್ರಿ?"

೩. ತಪಾಸಣೆ

ಒಂದು ದಿನ ಎಲ್ಲರೂ ಊಟಕ್ಕೆ ಹೋದಾಗ ನಾನು ಅದರ ಕುತ್ತಿಗೆ ತುರಿಸುತ್ತಿದ್ದೆ. ತಿರುಗಿದರೆ ಹಿಂದೆ ಕಂಪೌಂಡರ್ ನಿಂತಿದ್ದ.

"ರೆಕ್ಕೆಯ ತಪಾಸಣೆ," ಎಂದೆ.

"ರೆಕ್ಕಿ ಕುತ್ತಿಗ್ಯಾಗ ಇರತೈತೇನ್ರಿ?"

ಅಂತೂ ರೆಕ್ಕೆ ಕೂಡಿತು. ಹುಕ್ಕೇರಿಗೆ ನನ್ನ ವರ್ಗವೂ ಆಯಿತು. ಹೊರಡುವ ಮುನ್ನಾದಿನ ಸಂಜೆ, ಹಿತ್ತಲ ಆಲದ ಮರಕ್ಕೆ ಹಿಂಡು ಬಂದಾಗ, ಕಬ್ಬಿಣದ ಪಂಜರದ ಬಾಗಿಲು ತೆರೆದೆ. ಕಂಪೌಂಡರನ ಕೈಯಲ್ಲಿ ಮೆಣಸಿನಕಾಯಿ, ಬೀಳ್ಕೊಡಲು ಬಂದಿದ್ದ ಬಡಿಗನ ಕೈಯಲ್ಲಿ ಶೇಂಗಾ.

"ಯಾರೂ ಕರೀಬ್ಯಾಡ್ರಿ!" ಎಂದು ಗದರಿದೆ. ಗದರಿದ ಮೇಲೆ ನನ್ನ ಕೈಯೇ ಕೋಟಿನ ಜೇಬಿನಿಂದ ಪೇರಲ ಹಣ್ಣು ತೆಗೆದು ಮುಂದೆ ಹಿಡಿಯಿತು.

"ಇದೂ ತಪಾಸಣೀನ್ರಿ?" ಎಂದ ಕಂಪೌಂಡರ್.

ಆ ದವಾಖಾನೆಯಲ್ಲಿ ನನ್ನ ನಿಯಮ ಪಾಲಿಸಿದ್ದು ಒಂದೇ ಒಂದು ಜೀವ. ಅದು ಹಣ್ಣನ್ನು ನೋಡಿತು. ಕಣ್ಣಿನ ಪಾಪೆ ಕುಗ್ಗಿ ಸಾಸಿವೆಯಷ್ಟಾಯಿತು. ಹಣ್ಣು ಬಿಟ್ಟು ನನ್ನ ಹೆಬ್ಬೆರಳು ಕಚ್ಚಿತು. ಹಾರುವ ಮುಂಚೆ ಹಗುರಾಗಲೆಂದು ನನ್ನ ಇಸ್ತ್ರಿ ಕೋಟಿನ ಮೇಲೆ ಹಿಕ್ಕೆ ಹಾಕಿತು. ಒಮ್ಮೆ ಕಿರುಚಿ, ತಿರುಗಿಯೂ ನೋಡದೆ ಹಿಂಡಿನೊಳಗೆ ಸೇರಿಹೋಯಿತು.