ಎಗರುವ ಹಿಂದಿನ ಆಕ್ಸಲ್ ಸಾಹೇಬರ ಸನ್ನಿಧಿಗೆ

ನನ್ನ ಕಾರಿನ ಹಿಂದಿನ ಎರಡು ಗಾಲಿಗಳ ನಡುವೆ ಖಾಯಂ ವಾಸವಾಗಿರುವ ಶ್ರೀಮಾನ್ ಆಕ್ಸಲ್ ಅವರಿಗೂ, ಅವರ ಎರಡು ಪಕ್ಕದಲ್ಲಿ ಅಂಗರಕ್ಷಕರಂತೆ ಒಂದರ ಮೇಲೊಂದು ಕುಳಿತಿರುವ ಉಕ್ಕಿನ ಸ್ಪ್ರಿಂಗ್ ಬ್ಲೇಡುಗಳ ಬಳಗಕ್ಕೂ, ತ್ಯಾಗಲಿಯ ಗಣಪನು ಗ್ರೀಸು ಮೆತ್ತಿದ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ಈ ಬೇಸಿಗೆಯಿಡೀ ತಮ್ಮ ಕ್ಷೇಮ ನೋಡಿಕೊಳ್ಳುತ್ತ ತಮ್ಮ ಕೆಳಗೇ ಅಂಗಾತ ಬಿದ್ದುಕೊಂಡಿದ್ದವನು ನಾನೇ. ನನ್ನ ಕ್ಷೇಮವನ್ನು ತಾವು ವಿಚಾರಿಸಿಲ್ಲ, ಅದಕ್ಕೆ ಬೇಸರವೂ ಇಲ್ಲ. ಮೇಲಿದ್ದವರು ಕೆಳಗಿದ್ದವರ ಕಣ್ಣಿಗೆ ತುಕ್ಕು ಉದುರಿಸುವುದೇ ಲೋಕರೂಢಿ.

ಈ ಕಾರನ್ನು ಯಾವ ಕಂಪನಿಯೂ ಹೆತ್ತಿಲ್ಲ. ಮುದಿ ಜೀಪೊಂದರ ಚಾಸಿಯ ಮೇಲೆ, ಮರಕ್ಕೆ ಗುದ್ದಿ ಮುಖ ಕಳೆದುಕೊಂಡಿದ್ದ ದೊಡ್ಡ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿ, ಸಿರಸಿಯಲ್ಲಿ ಗ್ಯಾರೇಜು ಇಟ್ಟಿರುವ ಜಲೀಲ್ ಭಾಯಿಯ ಹಿತ್ತಿಲಲ್ಲಿ ಕೆಸುವಿನ ಗಿಡಗಳ ನಡುವೆ ತಪಸ್ಸಿಗೆ ಕೂತಿದ್ದ ತಮ್ಮನ್ನು ಎಬ್ಬಿಸಿ ತಂದು ಹಿಂದೆ ಕಟ್ಟಿ, ನಾನೇ ಮನೆಯಂಗಳದಲ್ಲಿ ಮಾಡಿದ ಗಾಡಿ ಇದು. ಪಿಕಪ್ ವ್ಯಾನಿನ ಕೆಳಗೆ ಗೊಬ್ಬರದ ಚೀಲ ಹೊತ್ತು ಸವೆದಿದ್ದ ತಮಗೆ ಇಷ್ಟು ದೊಡ್ಡ ಎಂಜಿನ್ನಿನ ಸಹವಾಸ ಕೊಡಿಸಿದ್ದಕ್ಕೆ ಸಣ್ಣದೊಂದು ಕೃತಜ್ಞತೆಯನ್ನು ನಿರೀಕ್ಷಿಸಿದ್ದೆ. ಗಾಡಿಯ ದಾಖಲೆಪತ್ರಗಳ ವಿಷಯವನ್ನು ಬಹಿರಂಗ ಪತ್ರದಲ್ಲಿ ಎತ್ತುವುದಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನಿರಲು ಬರುತ್ತದೆ.

ತಾವು ತೋರಿದ ಕೃತಜ್ಞತೆಯಾದರೋ ಹೀಗಿತ್ತು. ಏರು ಸಿಕ್ಕಿ ನಾನು ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಹಿಂದಿನ ಎರಡೂ ಗಾಲಿಗಳು ನೆಲ ಬಿಟ್ಟು ದಡದಡನೆ ಕುಣಿದು, ಸೀಟು ನನ್ನನ್ನು ಮೇಲಿನ ತಗಡಿಗೆ ಎಸೆದು, ತಗಡು ನನ್ನನ್ನು ಸೀಟಿಗೆ ವಾಪಸು ಕಳಿಸುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ವಿಜ್ಞಾನದ ಮೇಷ್ಟ್ರು ಪ್ರತಿ ಕ್ರಿಯೆಗೂ ಸಮನಾದ ಪ್ರತಿಕ್ರಿಯೆ ಇದೆ ಎಂದಾಗ ನಾನು ಕಿಟಕಿಯಿಂದ ಲಾರಿ ನೋಡುತ್ತಿದ್ದೆ, ಆಮೇಲೆ ಶಾಲೆಯನ್ನೇ ಬಿಟ್ಟೆ. ಬಿಟ್ಟುಹೋದ ಆ ಪಾಠವನ್ನು ನೇರವಾಗಿ ನನ್ನ ಸೊಂಟಕ್ಕೆ ಕಲಿಸಿಕೊಟ್ಟ ತಮಗೆ ಶಿಕ್ಷಕರ ದಿನಾಚರಣೆಯಂದು ಶಾಲು ಹೊದಿಸುವವನಿದ್ದೇನೆ.

ಇಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಆದರೆ ನನ್ನ ಅಕ್ಕ ಮಂಜಿಗೆ ನಿಲ್ಕುಂದದಲ್ಲಿ ಗಂಡು ಗೊತ್ತಾಯಿತು, ಮದುವೆ ಗಂಡಿನ ಮನೆಯಲ್ಲೇ ಎಂದಾಯಿತು, ದಿಬ್ಬಣಕ್ಕೆ ಬಾಡಿಗೆ ಕಾರು ಹೇಳುವ ಮಾತು ಬಂದಾಗ ಅವಳು "ನನ್ ತಮ್ಮ ಮಾಡಿದ್ ಗಾಡಿ ಅಂಗಳದಾಗೆ ಇರಬೇಕಾರೆ ಬಾಡಿಗೇದು ಎಂತಕ್ಕೆ?" ಎಂದುಬಿಟ್ಟಳು. ಅಂಗಳದಲ್ಲಿ ಹಪ್ಪಳ ಒಣಗಿಸುವ ಜಾಗವನ್ನು ತಾವು ಆಕ್ರಮಿಸಿದ ದಿನದಿಂದಲೂ ತಮ್ಮನ್ನು ಓಡಿಸಲು ಕಾದಿದ್ದ ನಮ್ಮ ಅವ್ವ ಗಿರಿಜವ್ವ ಮಗಳ ಮಾತಿಗೆ ಒಪ್ಪಿದಳಾದರೂ ಒಂದು ಷರತ್ತು ಹಾಕಿದಳು. ಮದುಮಗಳ ಪಕ್ಕದಲ್ಲಿ ಕೂರುವ ಕಳಸಗಿತ್ತಿಯ ಮಡಿಲಲ್ಲಿ ನೀರು ತುಂಬಿದ ಕಳಸವಿರುತ್ತದಲ್ಲ, "ಆ ನೀರು ಒಂದ್ ಹನಿ ಚೆಲ್ತು ಅಂದ್ರೆ ಈ ನಿನ್ ಡಬ್ಬಿ ಯಲ್ಲಾಪುರದ ಗುಜರಿಗೆ, ನೀನು ಸಿದ್ದಾಪುರದ ಅಂಗಡೀಲಿ ಚೀಲ ಹೊರಾಕೆ" ಎಂದಳು. ತಮ್ಮ ತಲೆ ಮತ್ತು ನನ್ನ ತಲೆ ಒಂದೇ ಚೊಂಬಿನ ಬಾಯಿಗೆ ಬಂದು ಕೂತಿದ್ದು ಹೀಗೆ.

ಆನಂತರದ ಪರೀಕ್ಷೆಗಳಲ್ಲಿ ತಾವು ತೋರಿದ ನಟನಾಕೌಶಲವನ್ನು ಎಷ್ಟು ಹೊಗಳಿದರೂ ಕಡಿಮೆ. ನಮ್ಮ ಕಡೆ ಗಾಡಿ ಖಾಲಿ ಹೋಗುವುದೆಂದರೆ ಪಾಪಕ್ಕೆ ಸಮ. ಅಂಗಳದ ಬಾಗಿಲಿಗಿರುವ ದಣಪೆ ದಾಟುವುದರೊಳಗೆ ಒಬ್ಬರ ಹಿಂಡಿ ಚೀಲ, ಇನ್ನೊಬ್ಬರ ಬಾಳೆಗೊನೆ, ಬಸ್ಸು ತಪ್ಪಿಸಿಕೊಂಡ ಒಂದು ಸಂಸಾರ ಹಿಂದೆ ಹತ್ತಿರುತ್ತವೆ. ಹೀಗೆ ಊರನ್ನೇ ಹೊತ್ತು ಪರೀಕ್ಷೆಗೆ ಹೋದಾಗಲೆಲ್ಲ ಸಭೆಯ ಅಧ್ಯಕ್ಷರಂತೆ ಗಂಭೀರವಾಗಿರುತ್ತಿದ್ದ ತಾವು, ಎಲ್ಲರನ್ನೂ ಇಳಿಸಿ ನಾನೊಬ್ಬನೇ ವಾಪಸಾಗುವಾಗ ಕುಣಿಯುತ್ತಿದ್ದಿರಿ. ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಏಕೆಂದರೆ ನಂಬಬೇಕಾದವರೆಲ್ಲ ಹಿಂದೆ ಕೂತು ಸುಖವಾಗಿ ಬಂದವರೇ. ಜಲೀಲ್ ಭಾಯಿ "ಇನ್ನೊಂದ್ ಬ್ಲೇಡ್ ಹಾಕು ಗಣಪ, ತಾಕತ್ ಬರ್ತದೆ" ಎಂದರು; ಹಾಕಿದೆ, ತಾವು ಇನ್ನಷ್ಟು ಬಿಗುಮಾನದವರಾಗಿ ಇನ್ನಷ್ಟು ಎತ್ತರಕ್ಕೆ ಎಗರಿದಿರಿ. ಪಕ್ಕದ ಮನೆಯ ಕೆರಿಯಪ್ಪಣ್ಣ "ಹಿಂದೆ ಚಿರೇಕಲ್ಲು ತುಂಬು ಮಾರಾಯ, ಮದುಮಗಳ ಸಂಗಡ ಕಲ್ಲೂ ದಿಬ್ಬಣ ಹೋಗ್ಲಿ" ಎಂದರು. ಅವರ ಮನೆಯ ಸೊಸೆಯರನ್ನು ಯಾವ ಕ್ರಮದಲ್ಲಿ ಕರೆತಂದರೋ ನಾನು ಕೇಳಲಿಲ್ಲ.

ಕೊನೆಗೆ ಮಂಜಿಯೇ, ಅರಿಶಿನ ಹಚ್ಚುವ ಮೊದಲು ಇದೊಂದು ಮುಗಿಸಿಬಿಡುವಾ ಎಂದು, ಖಾಲಿ ಗಾಡಿಯ ಸ್ಟೇರಿಂಗ್ ಹಿಡಿದು ಏರಿಗೆ ಬಿಟ್ಟಳು. ನಾನು ರಸ್ತೆಯಂಚಿನ ಚರಂಡಿಯಲ್ಲಿ ಮಲಗಿ ತಮ್ಮ ಖಾಸಗಿ ಜೀವನವನ್ನು ಮೊದಲ ಬಾರಿಗೆ ಕಣ್ಣಾರೆ ಕಂಡೆ. ಎಂಜಿನ್ ಎಳೆದ ಕೂಡಲೇ ತಾವು ನೊಗಕ್ಕೆ ಕೊರಳು ಕೊಡಲೊಲ್ಲದ ಹೋರಿಯಂತೆ, ಎಂಜಿನ್ನಿನ ದಂಡ ಬಂದು ಸೇರುವ ನಡುವಿನ ಮೂತಿಯನ್ನು ಮೇಲೆತ್ತುತ್ತೀರಿ, ಬ್ಲೇಡುಗಳು ಹಾವಿನಂತೆ ತಿರುಚಿಕೊಳ್ಳುತ್ತವೆ, ತಾಳಲಾರದೆ ಒಮ್ಮೆಲೇ ನೆಟ್ಟಗಾಗಿ ಗಾಲಿಯನ್ನು ಒದೆಯುತ್ತವೆ. ಮೇಲೆ ಭಾರ ಇಲ್ಲದಾಗ ಗಾಲಿಯನ್ನು ನೆಲಕ್ಕೆ ಅದುಮಿ ಹಿಡಿಯುವವರೇ ಇರುವುದಿಲ್ಲ. ಆದ್ದರಿಂದ ಹೋರಿಗೆ ಮಾಡುವುದನ್ನೇ ತಮಗೂ ಮಾಡಿದೆ. ಹಳೆಯ ಟ್ರ್ಯಾಕ್ಟರಿನ ಗಟ್ಟಿ ಸರಳೊಂದರ ಎರಡೂ ತುದಿಗೆ ರಬ್ಬರ್ ಬುಷ್ ಕೂರಿಸಿ ತಮ್ಮ ಮೂತಿಯಿಂದ ಚಾಸಿಗೆ ಮೂಗುದಾರ ಬಿಗಿದೆ, ಎರಡೂ ಬದಿಗೆ ಹೆಚ್ಚಿಗೆ ಸೇರಿಸಿದ್ದ ಬ್ಲೇಡುಗಳನ್ನು ಬಿಚ್ಚಿ ಹೊರಗೆಸೆದೆ. ತಾವು ತೆಪ್ಪಗಾದಿರಿ. ಬಂದು ನೋಡಿದ ಜಲೀಲ್ ಭಾಯಿ "ನಾನೂ ಇದನ್ನೇ ಹೇಳ್ಬೇಕಂತಿದ್ದೆ" ಎಂದರು. ಅವರ ಹಾಗೆ ಅಂದುಕೊಂಡಿದ್ದವರು ಊರಿನಲ್ಲಿ ಇನ್ನೂ ಬಹಳ ಮಂದಿ ಹುಟ್ಟಿಕೊಂಡರು.

ದಿಬ್ಬಣದ ಬೆಳಿಗ್ಗೆ, ಮದುಮಗಳೂ ಕಳಸ ಹಿಡಿದ ಚಿಕ್ಕಪ್ಪನ ಮಗಳು ಶ್ರೀಲಕ್ಷ್ಮಿಯೂ ಕೂತ ಸೀಟಿನ ಆಚೀಚೆ, ರೂಢಿ ಬಿಡಲಾರದ ನೆಂಟರು ಹತ್ತತೊಡಗಿದರು. ಬ್ಲೇಡು ಕಳೆದುಕೊಂಡ ತಾವು ಉಸ್ಸೆಂದು ನೆಲಕ್ಕೆ ಕುಸಿದಿರಿ. ಮಂಜಿ ಬಾಸಿಂಗ ಕಟ್ಟಿದ ತಲೆಯನ್ನು ಹೊರಹಾಕಿ "ಇಳೀರಿ ಎಲ್ಲರೂ! ಮದುವೆ ನಂದು, ಇದು ಸಂತೆ ಬಸ್ಸಲ್ಲ!" ಎಂದು ಕೂಗಿದ್ದು ನಿಲ್ಕುಂದಕ್ಕೆ ನಮಗಿಂತ ಮೊದಲೇ ತಲುಪಿತ್ತು. ಏರುಗಳಲ್ಲಿ ತಾವು ಕಮಕ್ ಕಿಮಕ್ ಎನ್ನಲಿಲ್ಲ. ಆದರೆ ಇನ್ನೇನು ಗಂಡಿನ ಮನೆ ಬಂತು ಎನ್ನುವಾಗ, ಮೋರಿಯ ಪಕ್ಕದ ಗುಂಡಿಯೊಂದಕ್ಕೆ ಇಳಿದು ಹತ್ತಿದಿರಿ, ಕಳಸದ ನೀರು ತುಳುಕಿತು.

ಬಸ್ಸಿನಲ್ಲಿ ಬಂದಿಳಿದ ಅವ್ವ ನೆಟ್ಟಗೆ ಬಂದು ನೋಡಿದ್ದು ಅಳಿಯನ ಮನೆಯನ್ನಲ್ಲ, ಶ್ರೀಲಕ್ಷ್ಮಿಯ ಲಂಗವನ್ನು. ಆ ಹುಡುಗಿ "ಸೆಕೆ ಅಲ್ವ ದೊಡ್ಡವ್ವ, ಬೆವರು" ಎಂದಳು. ಬೆವರಿಗೆ ಮಾವಿನೆಲೆ ಅಂಟಿಕೊಂಡಿರುವುದಿಲ್ಲ. ಎಲ್ಲರೂ ಬೆವರೆಂದೇ ಒಪ್ಪಲು ತಯಾರಿದ್ದರು, ಅವ್ವನೂ ಅರ್ಧ ಒಪ್ಪಿದ್ದಳು. ನಾನು "ಚೆಲ್ಲಿದೆ ಅವ್ವ, ಮೋರಿ ಹತ್ರ" ಎಂದೆ. ಮಂಜಿ ಮದುಮಗಳ ನಾಚಿಕೆಯನ್ನೆಲ್ಲ ಬದಿಗಿಟ್ಟು "ಮೂಗುದಾರ ನಿನ್ ಬಾಯಿಗೆ ಹಾಕ್ಬೇಕಿತ್ತು" ಎಂದಳು.

ಮಾತೆಂದರೆ ಮಾತು. ಗುಜರಿಗೆ ಹೋಗುವ ಮೊದಲು ಮನೆಗಾದರೂ ಹೋಗಬೇಕಲ್ಲ ಎಂದು ಅವ್ವ ಅದೇ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಮದುವೆಯ ವಾರವಿಡೀ ರೆಪ್ಪೆ ಮುಚ್ಚದವಳು ನಿಲ್ಕುಂದ ದಾಟುವ ಮೊದಲೇ ಬಾಯಿ ತೆರೆದು ನಿದ್ದೆ ಹೋದಳು, ಆ ಗುಂಡಿಯಲ್ಲೂ ಗೊರಕೆಯ ಧಾಟಿ ಬದಲಾಗಲಿಲ್ಲ. ಅಂಗಳದಲ್ಲಿ ನಾನು ಎಂಜಿನ್ ಬಂದ್ ಮಾಡಿದಾಗ ಎಚ್ಚೆತ್ತು "ಅಷ್ಟರಾಗೆ ಬಂತಾ?" ಎಂದು, ಸ್ವಲ್ಪ ಸಿಟ್ಟಿನಿಂದಲೇ, ಇಳಿದು ಹೋದಳು.

ಈಗ ಮಂಜಿ ತವರಿಗೆ ಬರುವ ದಿನ ಹತ್ತಿರವಾಗಿದೆ, ಅವಳನ್ನು ಕರೆತರಲು ತಾವೇ ಬೇಕಂತೆ. ಆದ್ದರಿಂದ ತಾವು ದಯಮಾಡಿ ಒಂದು ದಿನ ಮುಂಚಿತವಾಗಿ ಒಬ್ಬರೇ ಹೊರಟು, ದಾರಿಯ ಗುಂಡಿಗಳನ್ನು ತುಂಬಿಸಿ, ಕೈಕಾಲು ತೊಳೆದುಕೊಂಡು ಬಂದು ಗಾಡಿಯ ಕೆಳಗೆ ಸೇರಿಕೊಳ್ಳಬೇಕಾಗಿ ಪ್ರಾರ್ಥನೆ. ಯಲ್ಲಾಪುರದ ಗುಜರಿಯವನು ಮೊನ್ನೆ ಫೋನ್ ಮಾಡಿದ್ದ. ಅವ್ವ "ನಾಳೆ ಬಾ" ಎಂದಳು. ನಿನ್ನೆಯೂ ಮಾಡಿದ್ದ, ನಿನ್ನೆಯೂ ಅದನ್ನೇ ಹೇಳಿದಳು. ಅವಳು ಮಾತು ತಪ್ಪುವವಳಲ್ಲ, ಯಾವ ದಿನ ಎಂದು ಮಾತ್ರ ಷರತ್ತು ಹಾಕಿದಾಗ ಹೇಳಿರಲಿಲ್ಲ.

ಇಂತಿ, ತಮ್ಮ ಕೆಳಗೆ ಮಲಗಲು ಸದಾ ಸಿದ್ಧನಿರುವ
ತಮ್ಮ ವಿಶ್ವಾಸಿ,
ಗಣಪ
ತ್ಯಾಗಲಿ

ವಿ.ಸೂ.: ಈ ಪತ್ರದ ಪ್ರತಿಯೊಂದನ್ನು ಮುಂದಿನ ಗಾಲಿಗಳ ಸಸ್ಪೆನ್ಷನ್ ಅವರ ಮಾಹಿತಿಗಾಗಿ ಕಳಿಸಿದೆ. ತಾವು ಕುಣಿಯುವುದು ನಿಂತಂದಿನಿಂದ ಅವರ ಕಟಕಟ ಸದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತಿದೆ; ಓದಿ ಹಲ್ಲು ಕಿಸಿಯಬಾರದಾಗಿ ವಿನಂತಿ.